ತಾರಸಿಯಲ್ಲಿ ಟೊಮೆಟೊ ಬೇಡ, ಸೊಪ್ಪು ಹಾಕಿ

2023ರ ಜುಲೈ ನೆನಪಿದೆಯಾ? ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಆ ಸಿಟ್ಟಿಗೇ ನಾನು ಎರಡು ಡ್ರಮ್, ಮೂರು ಮೂಟೆ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬೇವಿನ ಹಿಂಡಿ ಎಲ್ಲ ತಂದು ಬೆಂಗಳೂರಿನ ಹನುಮಂತನಗರದ ನಮ್ಮ ಬಾಡಿಗೆ ಮನೆಯ ತಾರಸಿಗೆ ಏರಿಸಿದೆ. "ಸೋರಿದ್ರೆ ನೀನೇ ರಿಪೇರಿ ಮಾಡಿಸ್ಬೇಕು ನೋಡಮ್ಮ" ಅಂತ ಹೇಳಿಯೇ ಓನರ್ ಆಂಟಿ ಬೀಗದ ಕೈ ಕೊಟ್ಟರು.

ಸಸಿ ನೆಟ್ಟು, ಹೂ ಉದುರಿ, ಮತ್ತೆ ಹೂ ಬಂದು, ಕೆಂಪು ಹಣ್ಣು ಕಾಣುವಷ್ಟರಲ್ಲಿ ಸೆಪ್ಟೆಂಬರ್ ಮುಗಿಯುತ್ತಾ ಬಂತು. ಸಿಕ್ಕಿದ್ದು ಹನ್ನೊಂದು ಹಣ್ಣು. ಅಷ್ಟರಲ್ಲಿ ಬೆಲೆ ಬಿದ್ದುಹೋಗಿ, ಕೆಳಗೆ ತಳ್ಳುಗಾಡಿಯವರು ಕೂಗಿ ಕೂಗಿ ಅಗ್ಗಕ್ಕೆ ಮಾರುತ್ತಿದ್ದರು. ನಮ್ಮನೆಯವರು ಒಂದು ಹಣ್ಣನ್ನು ಕೈಯಲ್ಲಿ ತಿರುಗಿಸುತ್ತಾ "ಇದೊಂದಕ್ಕೆ ಎಷ್ಟು ಬಿತ್ತು?" ಅಂದರು. ನಾನು ಕೇಳಿಸದ ಹಾಗೆ ಕೆಳಗಿಳಿದು ಬಂದೆ.

ಅದಕ್ಕೇ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ. ಬೆಂಗಳೂರಿನ ತಾರಸಿಯಲ್ಲಿ ಬೆಳೆಯಬೇಕಾದ್ದು ಸೊಪ್ಪು. ಚೆರ್ರಿ ಟೊಮೆಟೊ, ಬ್ರೊಕೊಲಿ, ಸ್ಟ್ರಾಬೆರಿ ಎಲ್ಲ ಫೋಟೋಗೆ ಚೆನ್ನ. ಎರಡು ಫೋಟೋ ಹಾಕಿ, ಮೂರನೇ ತಿಂಗಳು ಗ್ರೋ ಬ್ಯಾಗ್ ಮಡಚಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಟೊಮೆಟೊ ಬೇಕೇ ಬೇಕು ಅನ್ನುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಿ. ಎಲೆ ಮುಟುರು, ಸೊರಗು, ಅಂಗಮಾರಿ ಮೂರೂ ರೋಗಗಳನ್ನು ತಡೆದುಕೊಳ್ಳುತ್ತದೆ. ಆದರೆ ಅದು ಹೈಬ್ರಿಡ್, ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗಿಡ ಬರುವುದಿಲ್ಲ.

ಸೊಪ್ಪೇ ಯಾಕೆ? ಅಂಗಡಿಯ ಬದನೆಕಾಯಿಗೂ ಮನೆಯ ಬದನೆಕಾಯಿಗೂ ಅಂಥ ವ್ಯತ್ಯಾಸ ನನ್ನ ನಾಲಿಗೆಗಂತೂ ಗೊತ್ತಾಗಲಿಲ್ಲ. ಸೊಪ್ಪಿನದು ಹಾಗಲ್ಲ. ಬೆಳಿಗ್ಗೆ ಕಿತ್ತ ಮೆಂತ್ಯ ಸಂಜೆಗೆ ಬೇರೆಯದೇ ಪದಾರ್ಥ. ಜೊತೆಗೆ ನಮ್ಮ ಊರಿನ ಕೊಳಚೆಯ ಕಥೆಯೂ ಇದೆ. ವೃಷಭಾವತಿ ನದಿ ಹೊತ್ತೊಯ್ಯುವ ಚರಂಡಿ, ಕಾರ್ಖಾನೆ ನೀರೆಲ್ಲ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗಿ ಸೇರುತ್ತದೆ, ಅಲ್ಲಿಂದ ಹೊಲಗಳಿಗೆ. ಸೀಸದಂಥ ಲೋಹ ಎಲೆಯೊಳಗೆ ಸೇರಿತೆಂದರೆ ಉಪ್ಪುನೀರಲ್ಲಿ ಎಷ್ಟು ಸಲ ತೊಳೆದರೂ ಹೋಗುವುದಿಲ್ಲ. ಮಾರುಕಟ್ಟೆಯ ಸೊಪ್ಪೆಲ್ಲ ಹಾಗೇ ಅಂತ ಖಂಡಿತ ಹೇಳುತ್ತಿಲ್ಲ. ಯಾವ ಕಟ್ಟು ಎಲ್ಲಿಂದ ಬಂತು ಅಂತ ಕಟ್ಟು ನೋಡಿದರೆ ತಿಳಿಯುವುದಿಲ್ಲ, ಅಷ್ಟೇ.

ಸೊಪ್ಪಿಗೆ ಅರ್ಧ ಅಡಿ ಮಣ್ಣಿದ್ದರೆ ಸಾಕು. ನಾನು ಹಣ್ಣಿನ ಅಂಗಡಿಯ ಹಳೇ ಕ್ರೇಟಿಗೆ ಗೋಣಿಚೀಲ ಹಾಸಿ, ಮಣ್ಣು, ಗೊಬ್ಬರ, ಕೋಕೋಪೀಟ್ ಸಮಸಮ ಕಲಸಿ ತುಂಬಿದ್ದೇನೆ. ದಂಟು, ಮೆಂತ್ಯ 25 ದಿನಕ್ಕೆಲ್ಲ ಅಡುಗೆಮನೆಗೆ ಬರುತ್ತವೆ. ಪಾಲಕ್ ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಬಸಳೆಗೆ ಬೀಜವೂ ಬೇಡ, ಒಂದು ತುಂಡು ಬಳ್ಳಿ ಚುಚ್ಚಿದರಾಯಿತು. ಕೊತ್ತಂಬರಿ ಮಾತ್ರ ಸ್ವಲ್ಪ ಹಟಮಾರಿ. ಆ ಗುಂಡು ಕಾಳಿನೊಳಗೆ ಎರಡು ಬೀಜ ಇರುತ್ತವೆ, ಲಟ್ಟಣಿಗೆಯಲ್ಲಿ ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಬೇಕು. ಏಪ್ರಿಲ್ ಬಿಸಿಲಿಗೆ ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತದೆ, ಆಗ ಬಿಟ್ಟುಬಿಡಿ.

ನೀರಿನ ಲೆಕ್ಕವೂ ಇದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತಲ್ವಾ? ನನಗೆ ಅದು ತಪ್ಪು ಅನ್ನಿಸಲಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿಯನ್ನು ಹನ್ನೊಂದು ಟೊಮೆಟೊಗೆ ಸುರಿಯುವುದಾ? ಆ ಬೇಸಿಗೆ ಪೂರ್ತಿ ನನ್ನ ನಾಲ್ಕು ಕ್ರೇಟುಗಳು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಲ್ಲೇ ಬದುಕಿದವು. ಆರ್‌ಒ ಫಿಲ್ಟರಿನ ವೇಸ್ಟ್ ನೀರನ್ನೇ ದಿನಾ ಹಾಕಬೇಡಿ, ಮಣ್ಣಲ್ಲಿ ಉಪ್ಪು ಕೂತುಕೊಳ್ಳುತ್ತದೆ.

ಹಣ್ಣಿನ ಆಸೆ ಬಿಟ್ಟಿದ್ದೇನೆ ಅಂದುಕೊಳ್ಳಬೇಡಿ. ಲಾಲ್‌ಬಾಗ್ ಒಳಗಿನ ನರ್ಸರಿಯಿಂದ ತಂದ ಕಸಿ ಸೀಬೆ ಇದೆ, ಫಸಲು ಅಳಿಲಿನದು. ನಿಂಬೆ ಗಿಡವನ್ನು ಹಕ್ಕಿ ಹಿಕ್ಕೆಯ ಥರ ಕಾಣುವ ಹುಳುಗಳು ಮೇಯ್ದವು. ತೆಗೆಯಲು ಹೋದರೆ ಮಗಳು ಅಡ್ಡ ನಿಂತಳು, ಅವು ಚಿಟ್ಟೆ ಆಗುತ್ತವಂತೆ. ಆದವು ಕೂಡ. ನಿಂಬೆಹಣ್ಣು ಅಂಗಡಿಯಿಂದಲೇ ಬರುತ್ತಿದೆ.

ನಿಜವಾದ ಪಾಠ ಮಾಡಿದ್ದು ಕನಕಪುರದಿಂದ ಬಂದ ನಮ್ಮತ್ತೆ. ನಾನು ಕ್ರೇಟಿನ ಕಳೆ ಕಿತ್ತು ರಾಶಿ ಹಾಕಿದ್ದೆ. "ಏನವ್ವ, ಗೋಣಿ ಸೊಪ್ಪು ಕಿತ್ತು ಕಸಕ್ಕೆ ಹಾಕ್ತಿದ್ದೀಯಾ?" ಅಂದವರೇ ಅಲ್ಲೇ ಕೂತು ಆರಿಸಿದರು. ಗೋಣಿ, ಹೊನಗೊನ್ನೆ, ಎರಡು ಹಿಡಿ ಗಣಿಕೆ. ನನ್ನ ದಂಟನ್ನೂ ಸೇರಿಸಿ ಬೆರಕೆ ಸೊಪ್ಪಾಯಿತು. ಹೆಸರುಕಾಳಿನ ಜೊತೆ ಬೇಯಿಸಿ, ಬಸಿದು, ಕಟ್ಟಿಗೆ ಖಾರ ರುಬ್ಬಿ ಹಾಕಿ ಬಸ್ಸಾರು, ಮಿಕ್ಕಿದ್ದು ಪಲ್ಯ, ಬಿಸಿ ಮುದ್ದೆ. ಅದಕ್ಕೆ ನಾನು ಬೀಜದ ದುಡ್ಡೂ ಕೊಟ್ಟಿರಲಿಲ್ಲ! ಒಂದು ಮಾತು: ಗೋಣಿ ಸೊಪ್ಪಿನ ಹಾಗೇ ನೆಲಕ್ಕೆ ಹಬ್ಬುವ ಇನ್ನೊಂದು ಗಿಡ ಇದೆ, ಚಿವುಟಿದರೆ ಬಿಳಿ ಹಾಲು ಬರುತ್ತದೆ. ಅದನ್ನು ಬಾಯಿಗೆ ಹಾಕಬಾರದು. ಗುರುತು ಹಿಡಿಯುವವರು ಪಕ್ಕದಲ್ಲಿಲ್ಲದಿದ್ದರೆ ಕಳೆಯ ತಂಟೆಗೆ ಹೋಗಲೇಬೇಡಿ.

ಈ ಭಾನುವಾರ ಇನ್ನೆರಡು ಕ್ರೇಟಿಗೆ ಚಕ್ಕೋತ ಸೊಪ್ಪು ಮತ್ತು ಸಬ್ಬಸಿಗೆ ಬಿತ್ತುತ್ತಿದ್ದೇನೆ. ಟೊಮೆಟೊ ಡ್ರಮ್ ಎರಡೂ ಖಾಲಿ ಇವೆ, ಹತ್ತಿರದಲ್ಲಿರುವವರು ಬಂದು ತಗೊಂಡು ಹೋಗಬಹುದು. ಮಣ್ಣು ಮಾತ್ರ ಕೇಳಬೇಡಿ.