28ರ ಟ್ಯೂಬೂ ಅತ್ತೆಯ ಚಮಚವೂ

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಕಡೆಗೆ ಒಂದು ಸುತ್ತು ಹೋಗೋಣ ಎಂದು ಸೈಕಲ್ ಹೊರಗೆ ತೆಗೆದರೆ, ಮುಂದಿನ ಚಕ್ರದಲ್ಲಿ ಗಾಳಿಯೇ ಇರಲಿಲ್ಲ. ಶಾಪಿಗೆ ತಳ್ಳಿಕೊಂಡು ಹೋಗಬೇಕಿತ್ತು. ಆದರೆ ಹಿಂದಿನ ರಾತ್ರಿ ತಾನೇ ಟ್ಯೂಬ್ ಬದಲಿಸುವ ವಿಡಿಯೋ ನೋಡಿ ಮಲಗಿದ್ದೆ.

ಟೈರಿನ ಮಗ್ಗುಲಲ್ಲಿ ಮೂರು ಥರ ಬರೆದಿತ್ತು: 700×35ಸಿ, 37-622, 28×1⅜×1⅝. ಇದರಲ್ಲಿ ನನಗೆ ಗುರುತಿದ್ದದ್ದು 28 ಒಂದೇ. ಅಪ್ಪನ ಸೈಕಲ್ಲೂ 28 ಅಲ್ವಾ! ಅಂಗಡಿಗೆ ಹೋಗಿ ಗತ್ತಿನಿಂದ “28ರದ್ದು ಕೊಡಿ” ಎಂದೆ. ಕೊಟ್ಟರು, 28×1½. ಅದು ಹಾಲಿನವರ ದೊಡ್ಡ ಸೈಕಲ್ಲಿನ ಟ್ಯೂಬ್. ಅದರ ರಿಮ್ಮಿನ ಅಳತೆ 635 ಮಿಲಿಮೀಟರ್, ನನ್ನದು 622. ಹೆಸರು ಒಂದೇ, ಗೋತ್ರ ಬೇರೆ. ರಬ್ಬರ್ ತಾನೇ, ಹೊಂದಿಕೊಳ್ಳುತ್ತದೆ ಎಂದು ಹಾಕಲು ಹೋದರೆ, ಅದರ ದಪ್ಪ ವಾಲ್ವಿಗೆ 8.5 ಮಿಲಿಮೀಟರ್ ತೂತು ಬೇಕು. ನನ್ನ ರಿಮ್ಮಿನಲ್ಲಿ ಇರುವುದು 6.5. ತೆಳ್ಳಗಿನ ಪ್ರೆಸ್ಟಾ ವಾಲ್ವಿನದು.

ಮತ್ತೆ ಅಂಗಡಿ. ಮತ್ತೊಂದು ಟ್ಯೂಬ್.

ಟೈರ್ ಬಿಚ್ಚಲು ವಿಡಿಯೋದವನ ಹತ್ತಿರ ಲಿವರ್ ಇತ್ತು. ನನ್ನ ಹತ್ತಿರ ಪಲ್ಯದ ಸ್ಟೀಲ್ ಚಮಚ ಇತ್ತು. ಹೆಂಡತಿಯ ತವರಿನದು, ಹಿಡಿಯ ಮೇಲೆ ಅತ್ತೆಯ ಹೆಸರು ಕೆತ್ತಿದೆ. ಒಳ್ಳೇ ಗಟ್ಟಿ. ಬಿಚ್ಚಿದ್ದೂ ಅದರಲ್ಲೇ, ಟೈರನ್ನು ಮತ್ತೆ ಒಳಗೆ ತುರುಕಿದ್ದೂ ಅದರಲ್ಲೇ. ಪಂಪ್ ಹೊಡೆದೆ. ಉಸ್ ಅಂದಿತು. ಬಕೆಟ್ಟಿನ ನೀರಲ್ಲಿ ಮುಳುಗಿಸಿದರೆ ಹೊಸಾ ಟ್ಯೂಬಿನ ಎರಡು ಕಡೆಯಿಂದ ಗುಳ್ಳೆ, ಹಾವು ಕಚ್ಚಿದಂತೆ ಅಕ್ಕಪಕ್ಕ. ರಿಮ್ಮಿಗೂ ಚಮಚಕ್ಕೂ ನಡುವೆ ಸಿಕ್ಕಿಸಿ ಕಚ್ಚಿಸಿದ ಹಾವು ನಾನೇ.

ಮೂರನೇ ಸಲ ಚಕ್ರವನ್ನೇ ಹೊತ್ತುಕೊಂಡು ಹೋದೆ. ಶಾಪಿನವರು ಟೈರಿನೊಳಗೆ ಬೆರಳಾಡಿಸಿ ಒಂದು ಜಾಲಿ ಮುಳ್ಳು ಕಿತ್ತು ನನ್ನ ಕೈಗಿಟ್ಟರು.

“ಇದನ್ನ ಯಾರಿಗೆ ಅಂತ ಬಿಟ್ಟಿದ್ರಿ ಸಾರ್?”

ಟ್ಯೂಬಿಗೆ ಚೂರೇ ಗಾಳಿ ತುಂಬಿ ದುಂಡಗೆ ಮಾಡಿದರು. ಎರಡೂ ಹೆಬ್ಬೆರಳಲ್ಲಿ ಟೈರ್ ಒತ್ತುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿದರು. ಚಮಚ ಕೇಳಲೇ ಇಲ್ಲ. “ಹಳೇ ಟ್ಯೂಬ್ ತಂದಿದ್ರೆ ಒಂದು ಪ್ಯಾಚಲ್ಲಿ ಮುಗೀತಿತ್ತು” ಎಂದೂ ಹೇಳಿದರು. ಸುಮ್ನೆ ಇರಬಹುದಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಹುರುಳಿಕಾಯಿ ಪಲ್ಯದಲ್ಲಿ ಚಮಚ ಸೊಟ್ಟಗೆ ನಿಂತಿತ್ತು.

“ಸರಿಯಾಗಿ ಅಮ್ಮನ ಹೆಸರಿನ ಮೇಲೇ ಬಗ್ಗಿದೆಯಲ್ರೀ” ಎಂದಳು ಹೆಂಡತಿ.

ತಿಕ್ಕಿ ತೊಳೆದಿಟ್ಟಿದ್ದೆ. ಆದರೂ ಟೈರಿನ ಕಪ್ಪು ಆ ಅಕ್ಷರಗಳ ಒಳಗೇ ಕೂತಿತ್ತು. ಹೆಸರು ಮೊದಲಿಗಿಂತ ಚೆನ್ನಾಗಿ ಓದಲು ಬರುತ್ತಿತ್ತು.