ಉಳಿದ ವಿಟಿವೈ ಲೈನ್‌ಗಳನ್ನೂ ನೋಡಿ

ನೆಟ್‌ವರ್ಕ್ ಸ್ವಿಚ್‌ಗೆ ದೂರದಿಂದ ಲಾಗಿನ್ ಆಗುವ ಹಳೆಯ ವಿಧಾನ ಟೆಲ್ನೆಟ್ ತೆಗೆದು, ಎಲ್ಲವನ್ನೂ ಗುಪ್ತವಾಗಿ ಕಳಿಸುವ ಎಸ್‌ಎಸ್‌ಎಚ್ ಹಾಕಿದರೆ ಸ್ವಿಚ್ ಸೇಫ್ ಅಂತ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಸರಿ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಗುಪ್ತವಾಗದೆ ಹಾಗೇ ಹೋಗುತ್ತದೆ, ಅದನ್ನು ತೆಗೆಯಲೇಬೇಕು, ಎರಡು ಮಾತಿಲ್ಲ.

ಆದರೆ ನೀವು ಕೊಟ್ಟಿರುವ ಸಿಸ್ಕೋ ಕಾನ್ಫಿಗ್ ಬರೀ 'ಲೈನ್ ವಿಟಿವೈ 0 4'ಕ್ಕೆ ಇದೆ, ಅಲ್ವಾ? ವಿಟಿವೈ ಲೈನ್ ಅಂದರೆ ದೂರದಿಂದ ಬರುವ ಒಂದೊಂದು ಲಾಗಿನ್‌ಗೆ ಸ್ವಿಚ್ ಕೊಡುವ ಜಾಗ, '0 4' ಅಂದರೆ ಮೊದಲ ಐದು. ಸಿಸ್ಕೋದ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ 0ರಿಂದ 15ರವರೆಗೆ ಲೈನ್ ಇರುತ್ತವೆ. ಮೊದಲ ಐದಕ್ಕೆ ಮಾತ್ರ ಆಕ್ಸೆಸ್ ಕ್ಲಾಸ್ (ಯಾವ ಐಪಿ ವಿಳಾಸಗಳಿಂದ ಬರಬಹುದು ಎಂಬ ಮಿತಿ) ಹಾಕಿ ಉಳಿದ 11 ಲೈನ್ ಹಾಗೇ ಬಿಟ್ಟರೆ, ಆ ಐದೂ ತುಂಬಿದ ಮೇಲೆ ಬರುವ ಸೆಷನ್‌ಗೆ ನಿಮ್ಮ ಐಪಿ ಪಟ್ಟಿ ಲೆಕ್ಕಕ್ಕೇ ಬರುವುದಿಲ್ಲ. ದಯವಿಟ್ಟು '0 15' ಅಂತ ತಿದ್ದಿ, ಹೊಸಬರು ಇದನ್ನೇ ಕಾಪಿ ಮಾಡುತ್ತಾರೆ.

ಇನ್ನೊಂದು, 'ಎಕ್ಸೆಕ್ ಟೈಮ್‌ಔಟ್ 0 0' ಯಾಕೆ ಹಾಕಿದಿರಿ? ಹಾಗೆ ಹಾಕಿದರೆ ಸುಮ್ನೆ ಕೂತ ಸೆಷನ್ ತಾನಾಗಿ ಮುಚ್ಚುವುದೇ ಇಲ್ಲ. ನೆಟ್‌ವರ್ಕ್ ಕಡಿದು ಸತ್ತ ಸೆಷನ್‌ಗಳೂ ಲೈನ್ ಹಿಡಿದುಕೊಂಡಿರುತ್ತವೆ, ಕೊನೆಗೆ ನಿಮಗೇ ಒಳಗೆ ಹೋಗಲು ಜಾಗ ಇರುವುದಿಲ್ಲ, ಸ್ವಿಚ್‌ಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಹಿಡಿದು ರ‍್ಯಾಕ್ ಹತ್ತಿರ ಹೋಗಬೇಕು. ಡೀಫಾಲ್ಟ್ ಇರುವ 10 ನಿಮಿಷವೇ ಸಾಕು.

ದೂರದ ಬ್ರಾಂಚ್‌ನ ಸ್ವಿಚ್ ಆದರೆ ಕೈ ಹಾಕುವ ಮೊದಲು ಕಾನ್ಫಿಗ್ ಸೇವ್ ಮಾಡಿ 'ರೀಲೋಡ್ ಇನ್ 10' (10 ನಿಮಿಷದ ನಂತರ ತಾನಾಗಿ ರೀಬೂಟ್ ಆಗು ಅಂತ) ಕೊಡಿ. ಬದಲಾವಣೆ ಮಾಡಿದ ಮೇಲೆ ಹಳೆಯ ವಿಂಡೋ ಮುಚ್ಚದೆ ಇನ್ನೊಂದರಿಂದ ಲಾಗಿನ್ ಆಗಿ ನೋಡಿ. ಆಯಿತಾ, 'ರೀಲೋಡ್ ಕ್ಯಾನ್ಸಲ್' ಕೊಟ್ಟು ಸೇವ್ ಮಾಡಿ. ಲಾಗಿನ್ ಆಗದೆ ಹೊರಗೇ ಉಳಿದರೆ ಸ್ವಿಚ್ ರೀಬೂಟ್ ಆಗಿ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಬಳಕೆದಾರರಿಗೆ ಕೆಲವು ನಿಮಿಷ ತೊಂದರೆ ಆಗುತ್ತದೆ ನಿಜ, ಹಾಗಾಗಿ ಕೆಲಸದ ಹೊತ್ತಿನಲ್ಲಿ ಮಾಡಬೇಡಿ.