2 ವರ್ಷದ ಬರ್ಬನ್, 120 ಪ್ರೂಫ್: ತಗೊಳ್ಳಬಹುದಾ?

ಡಲ್ಲಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೋದ ಶನಿವಾರ ಅಂಗಡಿಯೊಳಗೆ ನಿಂತುಕೊಂಡೇ ಒಂದು ವಿಸ್ಕಿ ಬಾಟಲಿಯ ಫೋಟೋ ಕಳಿಸಿದ. "ಅಣ್ಣ, ಹೊಸ ಡಿಸ್ಟಿಲರಿ ಬರ್ಬನ್. 2 ವರ್ಷ, 120 ಪ್ರೂಫ್, 65 ಡಾಲರ್. ತಗೊಳ್ಳಲಾ?" ನಾನು ಉತ್ತರ ಬರೆಯುವಷ್ಟರಲ್ಲಿ ಅವನು ದುಡ್ಡು ಕೊಟ್ಟು ಆಗಿತ್ತು. "ಬ್ಯಾರೆಲ್‌ನಿಂದ ನೇರ ಬಾಟಲಿಗೆ ಬಂದಿರೋದು, ಸಿಗೋದೇ ಕಷ್ಟ" ಅಂದರಂತೆ ಅಂಗಡಿಯವರು.

ಬರ್ಬನ್ ಅನ್ನುವ ಅಮೆರಿಕದ ವಿಸ್ಕಿಯ ತವರು ಕೆಂಟಕಿ ರಾಜ್ಯ. ನಾನು ಅಲ್ಲಿನ ಲೂಯಿವಿಲ್‌ನಲ್ಲಿ ಇರುವುದರಿಂದ ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲವಾದರೂ ಬರುತ್ತದೆ. ಪ್ರತಿ ಸಲ ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಕುಡಿಯದವರು ಮುಂದಿನ ಪೋಸ್ಟ್‌ಗೆ ಹೋಗಬಹುದು, ಬೇಜಾರಿಲ್ಲ.

ನನ್ನ ಮಾತು ಇಷ್ಟೇ. ವಯಸ್ಸು, ಅಂದರೆ ಬ್ಯಾರೆಲ್‌ನಲ್ಲಿ ಇಟ್ಟ ವರ್ಷ, ಕಡಿಮೆ ಅಂತ ಯಾವ ಬಾಟಲಿಯನ್ನೂ ತಳ್ಳಿಹಾಕಬೇಡಿ. ಆದರೆ ಪ್ರೂಫ್, ಅಂದರೆ ಆಲ್ಕೋಹಾಲ್‌ನ ಅಳತೆ, ಜಾಸ್ತಿ ಅಂತ ಒಂದು ಡಾಲರ್ ಕೂಡ ಹೆಚ್ಚಿಗೆ ಕೊಡಬೇಡಿ. ಆ ವಿಸ್ಕಿಗೆ ನೀರು ಹಾಕಿ ಕುಡಿದು ನೋಡಿ, ಆಮೇಲೆ ತೀರ್ಮಾನ ಮಾಡಿ.

ಮೊದಲು ಪ್ರೂಫ್ ವಿಷಯ. ನಮ್ಮೂರಿನ ವಿಸ್ಕಿ ಬಾಟಲಿ ಮೇಲೆ 42.8% ಅಂತ ಇರುತ್ತದೆ, ಪಕ್ಕದಲ್ಲಿ 25 ಡಿಗ್ರಿ ಯು.ಪಿ. (ಅಂಡರ್ ಪ್ರೂಫ್, ಅಂದರೆ 100 ಪ್ರೂಫ್‌ಗಿಂತ 25 ಕಡಿಮೆ) ಅಂತಲೂ ಇರುತ್ತದೆ. ಅದು ಬ್ರಿಟಿಷರ ಕಾಲದ ಲೆಕ್ಕ. ಅದರಲ್ಲಿ 100 ಪ್ರೂಫ್ ಅಂದರೆ ಸುಮಾರು 57.1%. ಅಮೆರಿಕದ ಲೆಕ್ಕ ಸುಲಭ, ಆಲ್ಕೋಹಾಲ್ ಶೇಕಡಾವಾರಿನ ಎರಡರಷ್ಟು. ಹಾಗಾಗಿ 120 ಪ್ರೂಫ್ ಅಂದರೆ 60%. ಅದರ 30 ಎಂಎಲ್ ಪೆಗ್‌ನಲ್ಲಿ ನಮ್ಮೂರಿನ ಸುಮಾರು ಒಂದೂವರೆ ಪೆಗ್‌ನಷ್ಟು ಆಲ್ಕೋಹಾಲ್ ಇರುತ್ತದೆ. ಊರಿನ ಅಭ್ಯಾಸದಲ್ಲಿ ಎರಡು ಪೆಗ್ ಅಂತ ಲೆಕ್ಕ ಹಾಕಿಕೊಂಡು ಕುಡಿದರೆ ಕಷ್ಟ. ಕಾರ್ ಕೀ ಮೊದಲೇ ಬೇರೆಯವರ ಕೈಗೆ ಕೊಟ್ಟಿರಿ.

ಇನ್ನು ಆ ಪ್ರೂಫ್ ಎಲ್ಲಿಂದ ಬಂತು ಅಂತ ನೋಡಬೇಕು. ಬರ್ಬನ್ ಆಗಬೇಕಾದರೆ ಕಾಳಿನಲ್ಲಿ 51% ಆದರೂ ಮುಸುಕಿನ ಜೋಳ ಇರಬೇಕು. ಒಳಗಡೆ ಸುಟ್ಟಿರುವ ಹೊಸ ಓಕ್ ಬ್ಯಾರೆಲ್‌ನಲ್ಲಿ ಇಡಬೇಕು. ತುಂಬುವಾಗ 125 ಪ್ರೂಫ್ ದಾಟುವ ಹಾಗಿಲ್ಲ. ಇಲ್ಲಿನ ಗೋದಾಮುಗಳ ಮೇಲಿನ ಅಂತಸ್ತುಗಳಲ್ಲಿ ಬೇಸಿಗೆಯಲ್ಲಿ ಒಣ ಬಿಸಿ. ಮರದ ಮೂಲಕ ಆಲ್ಕೋಹಾಲ್‌ಗಿಂತ ನೀರೇ ಬೇಗ ಹೋಗುತ್ತದೆ, ಅದಕ್ಕೇ ಪ್ರೂಫ್ ವರ್ಷ ವರ್ಷ ಏರುತ್ತದೆ. 12 ವರ್ಷದ ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ಅನ್ನುವ ಬರ್ಬನ್‌ನಲ್ಲಿ 130 ದಾಟಿದ ಬಾಟಲಿಗಳೂ ಇವೆ. ಆ ಪ್ರೂಫ್ ಅಷ್ಟು ವರ್ಷ ಕೂತು ಬಂದದ್ದು. 2 ವರ್ಷದ ವಿಸ್ಕಿ 120 ಇದೆ ಅಂದರೆ ಒಳಗೆ ಹೋದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ, ಬಾಟಲಿಗೆ ತುಂಬುವಾಗ ನೀರು ಹಾಕಿಲ್ಲ ಅಂತ ಅಷ್ಟೇ ಅರ್ಥ. ಅದಕ್ಕೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು ಹೇಳಿ?

ಹಾಗಂತ ನೀರು ಹಾಕದೆ ಕೊಡುವುದು ಕೆಟ್ಟದ್ದಲ್ಲ. ಎಷ್ಟು ನೀರು ಬೇಕು ಅಂತ ನಾವೇ ತೀರ್ಮಾನ ಮಾಡಬಹುದು. ನನಗೂ ಅದು ಇಷ್ಟ. ತೊಂದರೆ ಎಲ್ಲಿ ಅಂದರೆ, ಉರಿ ಜಾಸ್ತಿ ಇದ್ದಾಗ ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ. ರಾ ಹೊಡೆದರೆ ಎದೆಗೆ ಒಂದು ಬಿಸಿ ಇಳಿಯುತ್ತದೆ. ಕೆಂಟಕಿಯವರು ಅದನ್ನು ಕೆಂಟಕಿ ಹಗ್ (ಕೆಂಟಕಿಯ ಅಪ್ಪುಗೆ) ಅಂತ ಪ್ರೀತಿಯಿಂದ ಕರೆಯುತ್ತಾರೆ. ಆ ಬಿಸಿಯಲ್ಲಿ ಒಳ್ಳೆಯ ವಿಸ್ಕಿಯ ಕಂಪೂ ಮುಚ್ಚಿಹೋಗುತ್ತದೆ, ಎಳೆ ವಿಸ್ಕಿಯ ಹಸಿ ವಾಸನೆಯೂ ಮುಚ್ಚಿಹೋಗುತ್ತದೆ. ಕುಡಿದವರು "ಅಬ್ಬಾ, ಏನ್ ಸ್ಟ್ರಾಂಗ್!" ಅಂತ ಖುಷಿಯಾಗಿ ಎದ್ದು ಹೋಗುತ್ತಾರೆ.

ಮಂಡ್ಯದ ಹತ್ತಿರ ನಮ್ಮ ಊರಿನಲ್ಲಿ ಆಲೆಮನೆ ಇತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುತ್ತಾ ಬಂದಾಗ ನಮ್ಮ ತಾತ ಬಟ್ಟಲಿನಲ್ಲಿ ತಣ್ಣೀರು ತರಿಸಿ, ಅದರೊಳಗೆ ಒಂದು ಹನಿ ಪಾಕ ಬಿಡುತ್ತಿದ್ದರು. ನೀರಲ್ಲಿ ಕರಗಿ ಹರಡಿದರೆ "ಇನ್ನೂ ಎಳೆ ಪಾಕ ಕಣೋ" ಅನ್ನುತ್ತಿದ್ದರು. ಉಂಡೆ ಕಟ್ಟಿ ನಿಂತರೆ ಹದ ಬಂತು ಅಂತ. ಕೊಪ್ಪರಿಗೆಯ ಬಿಸಿಯಲ್ಲಿ ಎಳೆಯದೂ ಹದವಾದದ್ದೂ ಒಂದೇ ಥರ ಕಾಣುತ್ತದೆ. ನೀರಿಗೆ ಬಿದ್ದ ಮೇಲೆಯೇ ಗೊತ್ತಾಗುವುದು. ಗ್ಲಾಸಿಗೆ ಚಮಚದಲ್ಲಿ ನೀರು ಬಿಡುವಾಗಲೆಲ್ಲ ನನಗೆ ತಾತನ ಆ ಬಟ್ಟಲು ನೆನಪಾಗುತ್ತದೆ.

ನಾನು ಮಾಡುವುದು ಹೀಗೆ. ಊಟಕ್ಕೆ ಮುಂಚೆ, ಬಾಯಲ್ಲಿ ಮಸಾಲೆ ಇಲ್ಲದಾಗ, 30 ಎಂಎಲ್ ಹಾಕಿ ಕಾಲು ಗಂಟೆ ಸುಮ್ನೆ ಬಿಡುತ್ತೇನೆ. ಮೂಗನ್ನು ಗ್ಲಾಸಿನೊಳಗೆ ತೂರಿಸುವುದಿಲ್ಲ. ಬಾಯಿ ಸ್ವಲ್ಪ ತೆರೆದು ದೂರದಿಂದಲೇ ಮೂಸುತ್ತೇನೆ. ಮೊದಲು ನೀರಿಲ್ಲದೆ ಒಂದು ಸಣ್ಣ ಗುಟುಕು. ಆಮೇಲೆ ಒಂದು ಟೀ ಚಮಚಕ್ಕಿಂತ ಒಂಚೂರು ಜಾಸ್ತಿ ನೀರು. 60% ಇದ್ದದ್ದು 50ಕ್ಕೆ ಇಳಿಯುತ್ತದೆ. ಐದು ನಿಮಿಷ ಬಿಟ್ಟು ಮತ್ತೆ ಮೂಸಿ, ಮತ್ತೆ ಗುಟುಕು. ಆಮೇಲೆ ಇನ್ನೊಂದು ಚಮಚದ ಹತ್ತಿರ. ಆಗ 45ರ ಆಸುಪಾಸಿಗೆ ಬರುತ್ತದೆ.

ಹದ ಬರದ ವಿಸ್ಕಿ ಎರಡನೇ ಚಮಚಕ್ಕೆ ಸಿಕ್ಕಿಬೀಳುತ್ತದೆ. ಆಗಷ್ಟೇ ಸಿಪ್ಪೆ ಸುಲಿದ ಹಸಿ ಜೋಳದ ತೆನೆಯ ವಾಸನೆ ಬರುತ್ತದೆ. ಅದರ ಹಿಂದೆ ನೇಲ್ ಪಾಲಿಶ್ ಘಾಟು. ಸಾಮಿಲ್ ಮುಂದೆ ಹೋದಾಗ ಬರುವ ಹಸಿ ಮರದ ವಾಸನೆ. ಸಿಹಿ ನಾಲಿಗೆ ತುದಿಯಲ್ಲೇ ಮುಗಿದು, ಹಿಂದೆ ಬರೀ ಒಗರು ಉಳಿಯುತ್ತದೆ. ಎಳೆಯದಾದರೂ ಚೆನ್ನಾಗಿರುವ ವಿಸ್ಕಿಯಲ್ಲೂ ಜೋಳ ಇರುತ್ತದೆ, ಆದರೆ ಕೆಂಡದ ಮೇಲೆ ಸುಟ್ಟ ಜೋಳದ ಥರ ಇರುತ್ತದೆ. ನೀರು ಹಾಕಿದಷ್ಟೂ ಬೆಲ್ಲ, ಚಕ್ಕೆ, ಸ್ವಲ್ಪ ವೆನಿಲಾ ಹೊರಗೆ ಬರುತ್ತದೆ. ಕುಡಿದ ಗ್ಲಾಸನ್ನು ತೊಳೆಯದೆ ಬಿಟ್ಟು ಬೆಳಗ್ಗೆ ಮೂಸಿ ನೋಡಿ. ಆಲ್ಕೋಹಾಲ್ ಪೂರ್ತಿ ಹಾರಿಹೋಗಿ ಮರ ಮತ್ತು ಕಾಳು ಮಾತ್ರ ಉಳಿದಿರುತ್ತದೆ. ನನ್ನ ಅನುಭವದಲ್ಲಿ ಬೆಳಗ್ಗಿನ ಗ್ಲಾಸ್ ಒಂದು ಸಲವೂ ಮೋಸ ಮಾಡಿಲ್ಲ.

ಎಳೆಯದೆಲ್ಲ ಕೆಟ್ಟದ್ದು ಅನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ನಮ್ಮ ಲೂಯಿವಿಲ್‌ನ ಪೀರ್‌ಲೆಸ್ ಡಿಸ್ಟಿಲರಿ 2017ರಲ್ಲಿ ಮಾರುಕಟ್ಟೆಗೆ ಬಿಟ್ಟ ರೈ (ಗೋದಿಯ ಥರದ ಒಂದು ಧಾನ್ಯ) ವಿಸ್ಕಿಗೆ ಎರಡೇ ವರ್ಷ. ಅದು ರೈ, ಬರ್ಬನ್ ಅಲ್ಲ, ಆದರೂ ಪಾಠ ಒಂದೇ. ಅವರು ಬ್ಯಾರೆಲ್‌ಗೆ ತುಂಬುವುದು 107 ಪ್ರೂಫ್‌ನಲ್ಲಿ. ಕಾನೂನು 125ರ ತನಕ ಬಿಡುತ್ತದೆ. ಜಾಸ್ತಿ ಪ್ರೂಫ್‌ನಲ್ಲಿ ತುಂಬಿದರೆ ಬ್ಯಾರೆಲ್ ಕಡಿಮೆ ಸಾಕು, ಖರ್ಚೂ ಕಡಿಮೆ. ಆದರೆ ಮರದೊಳಗಿನ ಸಿಹಿ ಕರಗುವುದು ನೀರಿನಲ್ಲಿ. ಕಡಿಮೆ ಪ್ರೂಫ್‌ನಲ್ಲಿ ತುಂಬಿದವರ ವಿಸ್ಕಿಗೆ ಆ ಸಿಹಿ ಬೇಗ ಸಿಗುತ್ತದೆ. ಮೇಕರ್ಸ್ ಮಾರ್ಕ್ ಬರ್ಬನ್‌ನವರು ಕೂಡ 110ರಲ್ಲೇ ತುಂಬುತ್ತಾರೆ. ಹಾಗಾಗಿ ಎಳೆ ಬರ್ಬನ್ ನೋಡಿದಾಗ ವರ್ಷ ಕೇಳುವ ಜೊತೆಗೆ, ಎಷ್ಟು ಪ್ರೂಫ್‌ನಲ್ಲಿ ತುಂಬಿದ್ದು ಅಂತಲೂ ಕೇಳಿ. ಒಳ್ಳೆಯ ಡಿಸ್ಟಿಲರಿಯವರು ಖುಷಿಯಿಂದ ಹೇಳುತ್ತಾರೆ.

ಇನ್ನೊಂದು ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ, ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ) ಬಿಡುಗಡೆ ಮಾಡಿದವರು. ಸ್ಕಾಟ್ಲೆಂಡಿನಲ್ಲಿ ಬ್ಯಾರೆಲ್‌ನಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ 10ರಿಂದ 12ರಷ್ಟು ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ 12 ವರ್ಷ ಕಾಯುವ ಹಾಗೆ ಬೆಂಗಳೂರಿನಲ್ಲಿ ಕಾದರೆ ಬ್ಯಾರೆಲ್‌ನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅದಕ್ಕೇ ನಾಲ್ಕೈದು ವರ್ಷದ ಮಾಲ್ಟ್‌ಗೂ ಅಷ್ಟು ತುಂಬಿದ ರುಚಿ. ಅವರ ಕ್ಯಾಸ್ಕ್ ಸ್ಟ್ರೆಂತ್ (ನೀರು ಹಾಕದೆ ಬಾಟಲಿಗೆ ತುಂಬಿದ್ದು) 61.8%, ಅಂದರೆ ಅಮೆರಿಕದ ಲೆಕ್ಕದಲ್ಲಿ 123 ಪ್ರೂಫ್ ದಾಟಿತು. ಅದಕ್ಕೆ ಎರಡು ಚಮಚ ನೀರು ಹಾಕಿ ನೋಡಿ, ಒಂಚೂರೂ ಕುಸಿಯುವುದಿಲ್ಲ. ಲೂಯಿವಿಲ್‌ನ ಗೆಳೆಯರಿಗೆ ಕುಡಿಸಿದಾಗ ಅವರ ಮುಖ ನೋಡುವುದೇ ನನಗೆ ಹೆಮ್ಮೆ.

ಮೋಸ ಹೋದ ಕಥೆಯೂ ಇದೆ. ಮೂರು ವರ್ಷದ ಹಿಂದೆ ಒಂದು ಸಣ್ಣ ಡಿಸ್ಟಿಲರಿ ನೋಡಲು ಹೋಗಿದ್ದೆವು. ಹೆಸರು ಬೇಡ. "ನಾವು ಸಣ್ಣ ಬ್ಯಾರೆಲ್‌ನಲ್ಲಿ ಇಡುತ್ತೇವೆ, ಒಂದೇ ವರ್ಷಕ್ಕೆ ನಾಲ್ಕು ವರ್ಷದ ರುಚಿ ಬರುತ್ತದೆ" ಅಂದರು. 70 ಡಾಲರ್ ಕೊಟ್ಟು ತಂದೆ. ಬಣ್ಣ ಮಾತ್ರ ಕಾಫಿ ಡಿಕಾಕ್ಷನ್ ಥರ. ಕುಡಿದರೆ ಮೇಲೆ ಕಹಿ ಮರ, ಒಳಗೆ ಹಸಿ ಕಾಳು. ಸಣ್ಣ ಬ್ಯಾರೆಲ್‌ನಲ್ಲಿ ಮರದ ಸಾರ ವಿಸ್ಕಿಗೆ ಬೇಗ ಇಳಿಯುತ್ತದೆ, ಆದರೆ ವಿಸ್ಕಿ ಗಾಳಿಯಾಡುತ್ತಾ ಮೆತ್ತಗಾಗಲು ವರ್ಷಗಳೇ ಬೇಕು. ಆ ದುಡ್ಡಿಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಲೇಬಲ್ ಓದುವುದು ಕಲಿತುಕೊಳ್ಳಿ. ಸ್ಟ್ರೇಟ್ ಬರ್ಬನ್ ಅಂತ ಇದ್ದರೆ ಕನಿಷ್ಠ 2 ವರ್ಷ. 4 ವರ್ಷಕ್ಕಿಂತ ಕಡಿಮೆ ಇದ್ದರೆ ವಯಸ್ಸು ಹಾಕಲೇಬೇಕು. ಅದು ಎಷ್ಟೋ ಸಲ ಹಿಂದುಗಡೆ ಸಣ್ಣ ಅಕ್ಷರದಲ್ಲಿರುತ್ತದೆ, ತಿರುಗಿಸಿ ನೋಡಿ. ಬಾಟಲ್ಡ್ ಇನ್ ಬಾಂಡ್ ಅಂತ ಇದ್ದರೆ 1897ರ ಕಾಯ್ದೆಯ ಪ್ರಕಾರ ಒಂದೇ ಡಿಸ್ಟಿಲರಿಯ, ಒಂದೇ ಸೀಸನ್ನಿನ, ಕನಿಷ್ಠ 4 ವರ್ಷದ, ಸರಿಯಾಗಿ 100 ಪ್ರೂಫ್ ವಿಸ್ಕಿ. ಇವಾನ್ ವಿಲಿಯಮ್ಸ್ ಬಿಳಿ ಲೇಬಲ್ ಅಂಥದ್ದು, 20 ಡಾಲರ್ ಆಸುಪಾಸಿಗೆ ಸಿಗುತ್ತದೆ. ನಾನು ಯಾವ ಹೊಸ ಬಾಟಲಿ ತಂದರೂ ಪಕ್ಕದಲ್ಲಿ ಇದನ್ನು ಇಟ್ಟೇ ಕುಡಿಯುವುದು. ಎರಡನ್ನೂ 50%ಗೆ ತಂದು, ಗ್ಲಾಸಿನ ಅಡಿಗೆ ಸ್ಟಿಕ್ಕರ್ ಅಂಟಿಸಿ, ಹೆಂಡತಿಗೆ ಅದಲು ಬದಲು ಮಾಡಿ ಕೊಡು ಅಂತ ಹೇಳುತ್ತೇನೆ. 65 ಡಾಲರಿನದು 20 ಡಾಲರಿನದನ್ನು ಸೋಲಿಸದಿದ್ದರೆ ಮತ್ತೆ ಆ ಬಾಟಲಿ ನಮ್ಮ ಮನೆಗೆ ಬರುವುದಿಲ್ಲ. ಹೊಸ ಡಿಸ್ಟಿಲರಿಗಳು ಬದುಕಬೇಕು, ನಿಜ. ಬ್ಯಾರೆಲ್ ಇಟ್ಟುಕೊಂಡು ವರ್ಷಗಟ್ಟಲೆ ಕಾಯುವುದು ಎಷ್ಟು ಕಷ್ಟ ಅಂತ ಇಲ್ಲಿ ಹತ್ತಿರದಿಂದ ನೋಡಿದ್ದೇನೆ. ಆದರೆ ಬಾರ್‌ನಲ್ಲಿ ಒಂದು ಪೆಗ್ ಕುಡಿದು ನೋಡಿ, ಇಷ್ಟವಾದರೆ ಬಾಟಲಿ ತಗೊಳ್ಳಿ.

ತಮ್ಮನಿಗೆ ಇದನ್ನೆಲ್ಲ ಭಾನುವಾರ ಫೋನಿನಲ್ಲಿ ಹೇಳಿ ಮಾಡಿಸಿದೆ. ಮೊದಲ ಚಮಚಕ್ಕೆ "ಅಣ್ಣ, ಚಕ್ಕೆ ಬರ್ತಿದೆ, ಚೆನ್ನಾಗಿದೆ" ಅಂದ. ಎರಡನೇ ಚಮಚಕ್ಕೆ ಸ್ವಲ್ಪ ಹೊತ್ತು ಸುಮ್ಮನಾಗಿ, "ಹಸಿ ಜೋಳ" ಅಂದ. ಸೋಮವಾರ ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಗ್ಲಾಸ್ ಮೂಸಿ ಮೆಸೇಜ್ ಹಾಕಿದ: "ಸಾಮಿಲ್." ದೀಪಾವಳಿಗೆ ನಮ್ಮ ಮನೆಗೆ ಬರುತ್ತಿದ್ದಾನೆ. ಆ ಬಾಟಲಿಯನ್ನೂ ತಗೊಂಡು ಬಾ ಅಂದಿದ್ದೇನೆ. ಇವಾನ್ ವಿಲಿಯಮ್ಸ್, ಅಮೃತ್ ಎರಡೂ ಮನೆಯಲ್ಲಿವೆ. ಸ್ಟಿಕ್ಕರ್ ಕೂಡ ತಂದಿಟ್ಟಿದ್ದೇನೆ.